ಸ್ಪೆಕ್ಟ್ರೋಮೀಟರ್ ಬರಲಿ, ಸಾಕುವವರು ಯಾರು?

(ಕರಾವಳಿಯ ಪಟ್ಟಣವೊಂದರ ಸಣ್ಣ ಪದವಿ ಕಾಲೇಜಿನಲ್ಲಿ ರಾಷ್ಟ್ರೀಯ ವಿಜ್ಞಾನ ದಿನದ ಅಂಗವಾಗಿ ಆಡಳಿತ ಮಂಡಳಿ, ದಾನಿಗಳು ಮತ್ತು ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಕಾಲೇಜಿನ ರಸಾಯನಶಾಸ್ತ್ರ ವಿಭಾಗಕ್ಕೆ ಸ್ಪೆಕ್ಟ್ರೋಮೀಟರ್ ಕೊಳ್ಳಬೇಕೆಂಬ ಪ್ರಸ್ತಾಪ ತಮ್ಮ ಮುಂದಿದೆ. ಅದರ ಕುರಿತು ಮಾತನಾಡಲು ಪತ್ರಕರ್ತರಾದ ನಮ್ಮನ್ನು ಕರೆದಿದ್ದೀರಿ. ನಮ್ಮ ಮೊದಲ ಕಲಿಕೆ ಮದ್ರಸದಲ್ಲಿ. ಆನಂತರ ಪಡೆದದ್ದು ಕಲಾ ಪದವಿ. ಆದ್ದರಿಂದ ಅಣುವಿನ ಒಳಗುಟ್ಟನ್ನು ಬಿಡಿಸಿ ಹೇಳುವ ಕೆಲಸವನ್ನು ಈ ವಿಭಾಗದ ಅಧ್ಯಾಪಕಿಯರಿಗೇ ಬಿಟ್ಟು, ಹಣ ಕೊಡುವವರು ಕೇಳಬೇಕಾದ ಪ್ರಶ್ನೆಗಳ ಕಡೆಗೆ ನಾವು ಗಮನ ಸೆಳೆಯಬಯಸುತ್ತೇವೆ. ಆದರೂ ಕೊಳ್ಳಲಿರುವ ವಸ್ತು ಯಾವುದೆಂದು ತಿಳಿಯದೆ ಬೆಲೆಯ ಮಾತಿಗೆ ಇಳಿಯುವುದು ಉಚಿತವಲ್ಲ.

ಬೆಳಕನ್ನು ಬಿಡಿಸಿ ನೋಡುವ ಕುತೂಹಲ ಹಳೆಯದು. ಹದಿಮೂರನೆಯ ಶತಮಾನ ಮುಗಿದು ಹದಿನಾಲ್ಕನೆಯದು ಆರಂಭವಾಗುವ ಹೊತ್ತಿಗೆ ಇರಾನಿನ ಕಮಾಲುದ್ದೀನ್ ಅಲ್ ಫಾರಿಸಿ, ಇಬ್ನುಲ್ ಹೈಸಮ್‌ರ ದೃಗ್ವಿಜ್ಞಾನ ಗ್ರಂಥಕ್ಕೆ ವಿವರಣೆ ಬರೆಯುತ್ತಾ, ನೀರು ತುಂಬಿದ ಗಾಜಿನ ಗೋಳದೊಳಗೆ ಬೆಳಕಿನ ಕಿರಣ ಬಾಗುವುದನ್ನು ಗಮನಿಸಿ ಕಾಮನಬಿಲ್ಲಿನ ಕಾರಣವನ್ನು ಹುಡುಕಿದ್ದರು. ಬಣ್ಣಗಳಿಂದ ವಸ್ತುವನ್ನು ಗುರುತಿಸುವ ವಿದ್ಯೆ ಖಚಿತ ರೂಪ ಪಡೆದದ್ದು 1859ರಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ. ಅಲ್ಲಿ ಬುನ್ಸೆನ್ ಮತ್ತು ಕಿರ್ಚಾಫ್ ಎಂಬಿಬ್ಬರು ಜ್ವಾಲೆಯ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ, ಪ್ರತಿಯೊಂದು ಧಾತುವೂ ತನ್ನದೇ ಆದ ಗೆರೆಗಳನ್ನು ಮೂಡಿಸುತ್ತದೆಂದು ತೋರಿಸಿದರು. ಮರುವರ್ಷವೇ ಒಂದು ಊರಿನ ಬುಗ್ಗೆಯ ನೀರನ್ನು ಪರೀಕ್ಷಿಸುವಾಗ ಅವರಿಗೆ ಯಾರೂ ಕಂಡಿರದ ನೀಲಿ ಗೆರೆಗಳು ಕಾಣಿಸಿದವು. ಅದುವೇ ಸೀಸಿಯಂ. ಹೊಸ ಧಾತು ಸಿಕ್ಕಿದ್ದು ಜನ ಕುಡಿಯುವ ನೀರಿನಲ್ಲಿ ಎಂಬುದನ್ನು ನೆನಪಿನಲ್ಲಿಡಿ, ನಾವು ಇನ್ನೊಮ್ಮೆ ನೀರಿನ ಬಳಿಗೆ ಬರಲಿಕ್ಕಿದೆ.

ಸ್ಪೆಕ್ಟ್ರೋಮೀಟರನ್ನು ಪಠ್ಯಪುಸ್ತಕಗಳು ರೋಹಿತಮಾಪಕ ಎನ್ನುತ್ತವೆ. ಅದು ಒಂದೇ ಯಂತ್ರದ ಹೆಸರಲ್ಲ, ಒಂದು ಕುಟುಂಬದ ಹೆಸರು. ಈ ಕಾಲೇಜಿನ ಮಟ್ಟಿಗೆ ಅವುಗಳಲ್ಲಿ ಎರಡು ಮುಖ್ಯ.

ಮೊದಲನೆಯದು ಯುವಿ-ವಿಸಿಬಲ್. ಸಣ್ಣ ಚೌಕ ಬಾಯಿಯ ಪಾತ್ರೆಯಲ್ಲಿ ದ್ರಾವಣವನ್ನಿಟ್ಟು ಅದರ ಮೂಲಕ ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ಒಳಗೇ ಉಳಿಯಿತು, ಎಷ್ಟು ಹೊರಬಂತು ಎಂದು ಅಳೆಯುವ ಯಂತ್ರವಿದು. ನಮ್ಮ ಪಟ್ಟಣಗಳ ಮನೆಯಂಗಳವನ್ನು ಕಣ್ಮುಂದೆ ತಂದುಕೊಳ್ಳಿ. ಐದು ಸೆಂಟ್ಸ್ ಜಾಗ. ಒಂದು ಮೂಲೆಯಲ್ಲಿ ಬಾವಿ, ಇನ್ನೊಂದು ಮೂಲೆಯಲ್ಲಿ ಶೌಚಗುಂಡಿ. ಗುಂಡಿಯಿಂದ ಇಂಗುವ ನೈಟ್ರೇಟ್ ಬಾವಿಗೆ ಸೇರಬಲ್ಲುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನೀರನ್ನು ಕುದಿಸಿದರೂ ಹೋಗುವುದಿಲ್ಲ. ಹಸುಗೂಸುಗಳ ರಕ್ತ ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನೇ ಅದು ಕುಂದಿಸುತ್ತದೆ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ಇದೇ ನೈಟ್ರೇಟ್ 220 ನ್ಯಾನೋಮೀಟರ್ ಅಲೆಯುದ್ದದ ಅತಿನೇರಳೆ ಬೆಳಕನ್ನು ಹೀರುತ್ತದೆ. 275ರಲ್ಲಿ ಇನ್ನೊಮ್ಮೆ ಅಳೆದು, ನೀರಿನಲ್ಲಿ ಕರಗಿದ ಕೊಳೆತ ಪದಾರ್ಥಗಳ ಪಾಲನ್ನು ಕಳೆದರೆ ಲೆಕ್ಕ ಸಿಗುತ್ತದೆ. ಅಂದರೆ ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಕೇರಿಯ ನಲ್ವತ್ತು ಬಾವಿಗಳ ನೀರನ್ನು ಮಳೆಗಾಲಕ್ಕೆ ಮೊದಲು ಒಮ್ಮೆ, ಅನಂತರ ಒಮ್ಮೆ ಪರೀಕ್ಷಿಸಿ, ಪಂಚಾಯತು ಅಥವಾ ಪುರಸಭೆಯ ಮುಂದೆ ಅಂಕಿ-ಅಂಶಗಳೊಂದಿಗೆ ನಿಲ್ಲಬಲ್ಲಳು. ಬಾಯಿಮಾತಿನ ದೂರನ್ನು ತಳ್ಳಿಹಾಕುವ ಅಧಿಕಾರಿಗೆ ಅಂಕಿಗಳಿರುವ ದೂರನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ.

ಎರಡನೆಯದು ಎಫ್‌ಟಿಐಆರ್. ಇದು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ ಅಣುಗಳ ಬಂಧಗಳು ಕಂಪಿಸುವ ಬಗೆಯನ್ನು ದಾಖಲಿಸುತ್ತದೆ. ಉದಾಹರಣೆಗೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ತೆಗೆದುಕೊಳ್ಳಿ. ಇಲ್ಲಿ ಕುಳಿತಿರುವ ಎಷ್ಟೋ ಮಂದಿಯ ತಾಯಂದಿರು, ಅಜ್ಜಿಯಂದಿರು ಗೇರುಬೀಜದ ಕಾರ್ಖಾನೆಗಳಲ್ಲಿ ಬೀಜ ಒಡೆದು, ಆ ಎಣ್ಣೆಯಿಂದ ಕೈ ಸುಟ್ಟುಕೊಂಡವರು. ಕೈಯನ್ನು ಸುಡುವ ಆ ಎಣ್ಣೆಯ ಮುಖ್ಯ ಅಂಶ ಅನಕಾರ್ಡಿಕ್ ಆಮ್ಲ. ಕಾಯಿಸಿದಾಗ ಅದು ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಕಾರ್ಡನಾಲ್ ಆಗುತ್ತದೆ. ಬಣ್ಣ, ರಾಳ, ವಾಹನಗಳ ಬ್ರೇಕ್ ಲೈನಿಂಗ್‌ಗಳಿಗೆ ಬಳಕೆಯಾಗುವುದು ಇದೇ. ಎಫ್‌ಟಿಐಆರ್‌ನಲ್ಲಿ ಕಾಯಿಸುವ ಮೊದಲು 1645ರ ಆಸುಪಾಸಿನಲ್ಲಿ ಕಾಣುವ ಆಮ್ಲದ ಗುರುತು, ಕಾಯಿಸಿದ ಮೇಲೆ ಕುಗ್ಗುತ್ತಾ ಇಲ್ಲವಾಗುತ್ತದೆ. ಎಷ್ಟು ಹೊತ್ತು ಕಾಯಿಸಬೇಕು, ಎಷ್ಟು ಬಿಸಿಯಲ್ಲಿ ಎಂಬುದನ್ನು ವಿದ್ಯಾರ್ಥಿನಿ ತನ್ನ ಕಣ್ಣಾರೆ ಕಂಡು ನಿರ್ಧರಿಸಬಲ್ಲಳು. ತಾಯಿಯ ಕೈ ಸುಟ್ಟ ಎಣ್ಣೆಯ ಮೇಲೆ ಮಗಳು ಸಂಶೋಧನೆ ನಡೆಸುವಂತಾದರೆ ಆ ವಿಷಯ ಆಕೆಗೆ ಪಠ್ಯಪುಸ್ತಕದ ಆಚೆಗೂ ಅರ್ಥಪೂರ್ಣವಾಗುತ್ತದೆ.

"ಇವೆಲ್ಲ ವಿಶ್ವವಿದ್ಯಾನಿಲಯದಲ್ಲಿ ಇವೆಯಲ್ಲ, ಮಾದರಿಗಳನ್ನು ಅಲ್ಲಿಗೆ ಕಳುಹಿಸಿದರೆ ಸಾಲದೇ?" ಎಂದು ಸಭೆಯ ಆರಂಭದಲ್ಲಿ ಹಿರಿಯರೊಬ್ಬರು ಕೇಳಿದರು. ಈ ಪ್ರಶ್ನೆಗೆ ಗೌರವದಿಂದಲೇ ಉತ್ತರಿಸಬೇಕು. ಏಕೆಂದರೆ ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಹೊರಗಿನವರ ಮಾದರಿಗಳನ್ನೂ ಪರೀಕ್ಷಿಸಿಕೊಡುವ ಕೇಂದ್ರವಿದೆ. 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್‌ನಲ್ಲಿ ಉದ್ಘಾಟನೆಗೊಂಡ ಐ-ಸ್ಟೆಮ್ ಜಾಲತಾಣದಲ್ಲಿ ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣವಿದೆ ಎಂದು ಹುಡುಕಿ ಸಮಯ ಕಾದಿರಿಸಬಹುದು. ಎನ್‌ಎಂಆರ್‌ನಂತಹ ಯಂತ್ರದ ವಿಷಯದಲ್ಲಿ ನಾವು ಹಿರಿಯರ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇವೆ. ಅದರ ಕಾಂತವನ್ನು ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ, ದ್ರವ ಹೀಲಿಯಂನಲ್ಲಿ ಮುಳುಗಿಸಿಡಬೇಕು, ಬೆಲೆ ಕೋಟಿಗಳಲ್ಲಿ. ಅದನ್ನು ಸಣ್ಣ ಕಾಲೇಜಿಗೆ ತರುವುದೆಂದರೆ ಗುಡಿಸಲಿನ ಮುಂದೆ ಆನೆ ಕಟ್ಟಿದಂತೆ. ಅಂಥ ಪರೀಕ್ಷೆಗೆ ಮಾದರಿಯನ್ನು ಕಳುಹಿಸುವುದೇ ವಿವೇಕ.

ಆದರೆ ಎಲ್ಲವನ್ನೂ ಕಳುಹಿಸುತ್ತಾ ಹೋದರೆ ಏನಾಗುತ್ತದೆ? ಮಾದರಿಯನ್ನು ಅಂಚೆಗೆ ಹಾಕಿ ವಾರಗಟ್ಟಲೆ ಕಾಯಬೇಕು. ಬರುವುದು ಒಂದು ಹಾಳೆ, ಅದರ ಮೇಲೊಂದು ಅಂಕುಡೊಂಕಾದ ಗೆರೆ. ಗೆರೆ ನಿರೀಕ್ಷೆಯಂತೆ ಬಂದಿಲ್ಲವಾದರೆ ತಪ್ಪು ಎಲ್ಲಿ? ಮಾದರಿ ಒದ್ದೆಯಾಗಿತ್ತೇ, ದ್ರಾವಕ ಅಶುದ್ಧವಾಗಿತ್ತೇ, ಅಥವಾ ಅಲ್ಲಿಯ ತಂತ್ರಜ್ಞ ಅವಸರ ಮಾಡಿದನೇ? ಕೇಳುವಂತಿಲ್ಲ, ಇನ್ನೊಮ್ಮೆ ಮಾಡಿ ನೋಡುವಂತಿಲ್ಲ. ಹೀಗೆ ವಿದ್ಯಾರ್ಥಿನಿ ಗೆರೆಯನ್ನು ನಂಬಲು ಕಲಿಯುತ್ತಾಳೆ, ಪ್ರಶ್ನಿಸಲು ಕಲಿಯುವುದಿಲ್ಲ. ಸಂಶೋಧನೆಯೆಂದರೆ ಬೆಳಗ್ಗೆ ಬಂದ ಫಲಿತಾಂಶದ ಮೇಲೆ ಮಧ್ಯಾಹ್ನ ಅನುಮಾನಪಟ್ಟು ಸಂಜೆ ಮತ್ತೆ ಅಳೆಯುವುದು.

ಇನ್ನೊಂದು ಮಾತನ್ನು ಪಾಲಕರ ಮುಂದೆ ಮುಚ್ಚಿಡದೆ ಹೇಳಬೇಕಾಗಿದೆ. ನಮ್ಮ ಪಟ್ಟಣಗಳ ವಿಜ್ಞಾನ ತರಗತಿಗಳಲ್ಲಿ ಇಂದು ಮುಂದಿನ ಬೆಂಚುಗಳನ್ನು ತುಂಬಿರುವವರು ಹೆಣ್ಮಕ್ಕಳು. ಆದರೆ ಪದವಿಯಾದ ಮೇಲೆ ಅವರಲ್ಲಿ ಎಷ್ಟೋ ಮಂದಿಯ ಓದು ಮನೆಯ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ದೂರದ ನಗರದ ಹಾಸ್ಟೆಲಿಗೆ ಕಳುಹಿಸಲು ಮನಸ್ಸಿಲ್ಲ, ಹತ್ತಿರದಲ್ಲಿ ಸೌಲಭ್ಯವಿಲ್ಲ. ಮನಸ್ಸು ಬದಲಾಗಬೇಕು ಎಂದು ನಾವು ಬರೆಯುತ್ತಲೇ ಬಂದಿದ್ದೇವೆ, ಮುಂದೆಯೂ ಬರೆಯುತ್ತೇವೆ. ಆದರೆ ತಂದೆಯ ಮನಸ್ಸು ಬದಲಾಗುವವರೆಗೆ ಮಗಳ ವಯಸ್ಸು ಕಾಯುವುದಿಲ್ಲ. ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರುವಷ್ಟು ದೂರದಲ್ಲಿ ಒಂದು ಯಂತ್ರವಿದ್ದರೆ ಆಕೆಗೆ ಎರಡು ವರ್ಷಗಳ ಕೆಲಸ ಸಿಗುತ್ತದೆ. ಆ ಎರಡು ವರ್ಷಗಳ ಕೆಲಸವನ್ನು ಕಂಡ ತಂದೆಯೇ ಮೂರನೆಯ ವರ್ಷ ಆಕೆಯನ್ನು ಬೆಂಗಳೂರಿನ ರೈಲು ಹತ್ತಿಸಬಹುದು.

ಈಗ ಹಣದ ವಿಷಯ. ನಂಬಿಕೆಗೆ ಅರ್ಹವಾದ ಯುವಿ-ವಿಸಿಬಲ್ ಯಂತ್ರಕ್ಕೆ ಕೆಲವು ಲಕ್ಷ ರೂಪಾಯಿಗಳಾಗುತ್ತವೆ. ಎಫ್‌ಟಿಐಆರ್‌ಗೆ ಅದಕ್ಕಿಂತ ಹೆಚ್ಚು. ಈ ಪಟ್ಟಣದಲ್ಲಿ ಒಂದು ನಿಕಾಹ್‌ನ ಊಟಕ್ಕೆ, ಹಾಲ್‌ನ ಅಲಂಕಾರಕ್ಕೆ ಎಷ್ಟು ಖರ್ಚಾಗುತ್ತದೆಂದು ತಮಗೆ ನಮಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ಯಂತ್ರ ಕೊಳ್ಳುವ ಹಣ ಸಿಗುವುದಿಲ್ಲ ಎಂಬ ಭಯ ನಮಗಿಲ್ಲ. ಗಲ್ಫ್‌ನಲ್ಲಿರುವ ನಾಲ್ಕು ಮಂದಿ ಮನಸ್ಸು ಮಾಡಿದರೆ ಸಾಕು. ನಮ್ಮ ಭಯ ಬೇರೆಯದು.

ಮೌಲ್ಯಮಾಪನ ಸಮಿತಿ ಬರುತ್ತದೆಂದು ತರಾತುರಿಯಲ್ಲಿ ಉಪಕರಣ ಕೊಂಡು, ರಿಬ್ಬನ್ ಕತ್ತರಿಸಿ, ಫಲಕ ಹಾಕಿ, ಸಮಿತಿ ಹೋದ ಮೇಲೆ ಪ್ಲಾಸ್ಟಿಕ್ ಹೊದಿಕೆ ಹೊದಿಸಿಟ್ಟ ಕಾಲೇಜುಗಳನ್ನು ನಾವು ವೃತ್ತಿಯ ಕಾರಣದಿಂದ ಕಂಡಿದ್ದೇವೆ. ಹೆಸರು ಬೇಡ. ಒಂದೆಡೆ ದೀಪ ಸುಟ್ಟುಹೋಗಿತ್ತು. ಡ್ಯೂಟೀರಿಯಂ ದೀಪದ ಆಯುಷ್ಯ ಸಾವಿರದಿಂದ ಎರಡು ಸಾವಿರ ಗಂಟೆಗಳ ಆಸುಪಾಸು. ಹೊಸದು ಕೊಳ್ಳಲು ಬಜೆಟ್‌ನಲ್ಲಿ ಶೀರ್ಷಿಕೆಯೇ ಇರಲಿಲ್ಲ. ಇನ್ನೊಂದೆಡೆ ಯಂತ್ರ ಸರಿಯಿತ್ತು, ಅದನ್ನು ಬಲ್ಲ ಅಧ್ಯಾಪಕರು ಹೆಚ್ಚಿನ ಸಂಬಳಕ್ಕೆ ಬೇರೆ ಊರಿಗೆ ಹೋಗಿದ್ದರು. ಬಾಗಿಲಿನ ಮೇಲೆ ದಾನಿಗಳ ಹೆಸರು ಮಾತ್ರ ಹೊಳೆಯುತ್ತಿತ್ತು.

ನಮ್ಮ ಕರಾವಳಿಯಲ್ಲಿ ಇದಕ್ಕೊಂದು ವಿಶೇಷ ಶತ್ರುವಿದೆ: ತೇವಾಂಶ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಏನಾಗುತ್ತದೆಂದು ಮನೆಯ ಹೆಂಗಸರನ್ನು ಕೇಳಿ. ಸಾಮಾನ್ಯ ಎಫ್‌ಟಿಐಆರ್‌ನ ಒಳಗೆ ಕಿರಣವನ್ನು ಎರಡಾಗಿ ಸೀಳುವ ತಟ್ಟೆಯನ್ನು ಪೊಟಾಸಿಯಂ ಬ್ರೋಮೈಡ್‌ನಿಂದ ಮಾಡಿರುತ್ತಾರೆ. ಅದೂ ಒಂದು ಬಗೆಯ ಉಪ್ಪೇ. ಗಾಳಿಯ ತೇವ ತಗುಲಿದರೆ ಮಂಜಾಗಿ ಕೆಟ್ಟುಹೋಗುತ್ತದೆ, ಬದಲಾಯಿಸಲು ತುಂಬಾ ದುಬಾರಿ. ಅದನ್ನು ಉಳಿಸಲು ಯಂತ್ರದೊಳಗೆ ಸಿಲಿಕಾ ಜೆಲ್‌ನಂತಹ ತೇವಹೀರಕದ ಚೀಲಗಳಿರುತ್ತವೆ. ಬಣ್ಣ ಬದಲಾದ ಕೂಡಲೇ ಅವುಗಳನ್ನು ತೆಗೆದು ಒಣಗಿಸಬೇಕು ಇಲ್ಲವೇ ಹೊಸದು ಹಾಕಬೇಕು. ಕಾಲೇಜಿಗೆ ರಜೆಯಿದ್ದರೂ ತೇವಕ್ಕೆ ರಜೆಯಿಲ್ಲ. ಆದ್ದರಿಂದ ಕೊಳ್ಳುವಾಗಲೇ ತೇವಕ್ಕೆ ಜಗ್ಗದ ಜಿಂಕ್ ಸೆಲೆನೈಡ್ ತಟ್ಟೆಯ ಮಾದರಿಯನ್ನು ಕೇಳಬೇಕು. ಅದರಲ್ಲಿ ಅಳತೆಯ ವ್ಯಾಪ್ತಿ ಕೆಳತುದಿಯಲ್ಲಿ ಸ್ವಲ್ಪ ಕಿರಿದಾಗುತ್ತದೆ. ಈ ಕಾಲೇಜು ಮಾಡಲಿರುವ ಕೆಲಸಕ್ಕೆ ಅದು ದೊಡ್ಡ ನಷ್ಟವಲ್ಲ. ಹವಾನಿಯಂತ್ರಣ, ತೇವ ಹೀರುವ ಯಂತ್ರ, ಸರಿಯಾದ ಅರ್ತಿಂಗ್, ಯುಪಿಎಸ್ ಇವೆಲ್ಲ ಯಂತ್ರಕ್ಕಿಂತ ಮೊದಲು ಬರಬೇಕು, ಅನಂತರವಲ್ಲ.

ಇತಿಹಾಸದಿಂದ ಒಂದು ಪ್ರಸಂಗ ಹೇಳುತ್ತೇವೆ. ಇಂದಿನ ದಿನಕ್ಕೆ ಸಂಬಂಧಿಸಿದ್ದು. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು 1876ರಲ್ಲಿ ಸಾರ್ವಜನಿಕರಿಂದ ಚಂದಾ ಎತ್ತಿ ಕಲ್ಕತ್ತೆಯ ಬೌ ಬಜಾರಿನಲ್ಲಿ ಭಾರತೀಯರದೇ ಆದ ವಿಜ್ಞಾನ ಸಂಸ್ಥೆಯನ್ನು ಕಟ್ಟಿದರು. ವಿಜಯನಗರಂನ ಮಹಾರಾಜರ ದಾನದಿಂದ ಪ್ರಯೋಗಾಲಯ ಎದ್ದಿತು. ಕಟ್ಟಡಕ್ಕೆ ಹಣ ಬಂತು, ಉಪಕರಣಗಳೂ ಬಂದವು. ಸಂಬಳ ಕೊಟ್ಟು ಪೂರ್ಣಾವಧಿಯ ಸಂಶೋಧಕರನ್ನು ಇಟ್ಟುಕೊಳ್ಳುವಷ್ಟು ಶಾಶ್ವತ ನಿಧಿ ಮಾತ್ರ ಒದಗಲಿಲ್ಲ. 1904ರಲ್ಲಿ ಆ ಮಹನೀಯರು ನಿರಾಶೆಯಲ್ಲೇ ತೀರಿಕೊಂಡರು. ಮೂರು ವರ್ಷಗಳ ಬಳಿಕ ಹಣಕಾಸು ಇಲಾಖೆಯ ತರುಣ ಅಧಿಕಾರಿಯೊಬ್ಬರು ಆ ಸಂಸ್ಥೆಯ ಬಾಗಿಲು ಬಡಿದರು. ಕಚೇರಿಗೆ ಮುಂಚೆ, ಕಚೇರಿಯ ಅನಂತರ ಅಲ್ಲಿ ಪ್ರಯೋಗ ನಡೆಸತೊಡಗಿದರು. ಅವರೇ ಚಂದ್ರಶೇಖರ ವೆಂಕಟರಾಮನ್. 1928ರ ಫೆಬ್ರವರಿ 28ರಂದು, ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ರೋಹಿತದರ್ಶಕದಿಂದ ಅವರು ಕಂಡ ಬೆಳಕಿಗೆ 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಈ ಕತೆಯನ್ನು ಅಗ್ಗದ ಉಪಕರಣದಿಂದಲೂ ನೊಬೆಲ್ ಸಾಧ್ಯ ಎಂಬುದಕ್ಕೆ ಉದಾಹರಣೆಯಾಗಿ ಹೇಳುವುದು ವಾಡಿಕೆ. ನಮಗೆ ಕಾಣುವುದು ಬೇರೆ: ಮೂವತ್ತೊಂದು ವರ್ಷಗಳ ಕಾಲ ಆ ಉಪಕರಣಗಳು ತಮ್ಮನ್ನು ಬಳಸಬಲ್ಲ ಮನುಷ್ಯನಿಗಾಗಿ ಕಾದವು. ಎಲ್ಲ ಊರುಗಳಿಗೂ ರಾಮನ್ ತಾವಾಗಿ ಬಂದು ಬಾಗಿಲು ಬಡಿಯುವುದಿಲ್ಲ.

ಮನುಷ್ಯನನ್ನು ಹುಡುಕಿ ಕರೆತಂದ ನಿದರ್ಶನವೂ ನಮ್ಮ ಮುಂದಿದೆ. ದೆಹಲಿಯ ತಿಬ್ಬಿಯಾ ಕಾಲೇಜನ್ನು ಕಟ್ಟಿದ, 1921ರಲ್ಲಿ ಗಾಂಧೀಜಿಯವರಿಂದ ಅದನ್ನು ಉದ್ಘಾಟಿಸಿದ ಹಕೀಂ ಅಜ್ಮಲ್ ಖಾನ್ ಸ್ವತಃ ಯುನಾನಿ ವೈದ್ಯರು. ಆದರೂ ಗಿಡಮೂಲಿಕೆಗಳನ್ನು ಆಧುನಿಕ ರಸಾಯನಶಾಸ್ತ್ರದ ಒರೆಗೆ ಹಚ್ಚಬೇಕೆಂದು ಬಯಸಿ, ಜರ್ಮನಿಯಲ್ಲಿ ಕಲಿಯುತ್ತಿದ್ದ ಸಲೀಮುಝ್ಝಮಾನ್ ಸಿದ್ದೀಕಿಯವರಿಗೆ ಆ ಹೊಣೆಯನ್ನು ವಹಿಸಿದರು. ಹಕೀಮರು 1927ರ ಕೊನೆಯಲ್ಲಿ ನಿಧನರಾದರು. ಸಿದ್ದೀಕಿ ಕೊಟ್ಟ ಮಾತು ಉಳಿಸಿಕೊಂಡು ಸರ್ಪಗಂಧಿಯ ಬೇರಿನಿಂದ 1931ರಲ್ಲಿ ಹೊಸ ಕ್ಷಾರವಸ್ತುವೊಂದನ್ನು ಬೇರ್ಪಡಿಸಿ ಅದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು. ಹೃದಯದ ಬಡಿತದ ದೋಷವನ್ನು ಪತ್ತೆಹಚ್ಚಲು ವೈದ್ಯರು ಇಂದಿಗೂ ಅದನ್ನು ಬಳಸುತ್ತಾರೆ. ಬೇವಿನ ಎಣ್ಣೆಯ ಕಹಿ ಅಂಶಗಳನ್ನು ಬೇರ್ಪಡಿಸಿದವರೂ ಅವರೇ. ದೇಶವಿಭಜನೆಯ ಬಳಿಕ ಅವರು ಕರಾಚಿಗೆ ಹೋದರು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಅವರು ಕಟ್ಟಿದ ಸಣ್ಣ ಸಂಸ್ಥೆಗೆ 1976ರಲ್ಲಿ ವ್ಯಾಪಾರಿ ಕುಟುಂಬವೊಂದರ ಪ್ರತಿಷ್ಠಾನ ಐವತ್ತು ಲಕ್ಷ ರೂಪಾಯಿ ನೀಡಿತು. ಇಲ್ಲಿ ಅನುಕ್ರಮವನ್ನು ಗಮನಿಸಿ: ಮೊದಲು ಮನುಷ್ಯ, ಅನಂತರ ಕೆಲಸ, ಕೊನೆಗೆ ದೊಡ್ಡ ಹಣ.

ನಮ್ಮ ಪೂರ್ವಿಕರಿಗೆ ಈ ವಿಷಯ ತಿಳಿದಿತ್ತು. 1259ರಲ್ಲಿ ನಸೀರುದ್ದೀನ್ ತೂಸಿ ಇರಾನಿನ ಮರಾಗಾದಲ್ಲಿ ಖಗೋಳ ವೀಕ್ಷಣಾಲಯ ಕಟ್ಟಲು ಆರಂಭಿಸಿದಾಗ ಅದರ ಖರ್ಚಿಗೆ ವಕ್ಫ್ ಆಸ್ತಿಗಳ ಆದಾಯವನ್ನು ಗೊತ್ತುಮಾಡಲಾಗಿತ್ತು. ಆಸ್ಪತ್ರೆಗಳ ವಕ್ಫ್ ಪತ್ರಗಳಲ್ಲಿ ವೈದ್ಯರ ಸಂಬಳ, ಔಷಧಿಯ ಖರ್ಚುಗಳನ್ನೂ ಬರೆದಿಡುತ್ತಿದ್ದರು. ವಕ್ಫ್ ಎಂದರೆ ಕಟ್ಟಡವೆಂದು ನಾವು ತಿಳಿದಿದ್ದೇವೆ. ಕಟ್ಟಡ ನಡೆಯುವುದಕ್ಕೆ ಬೇಕಾದ ನಿತ್ಯದ ಆದಾಯವೆಂದು ಅವರು ತಿಳಿದಿದ್ದರು. ಆದ್ದರಿಂದ ನಮ್ಮ ಸಲಹೆಯಿಷ್ಟೆ: ಸಂಗ್ರಹವಾಗುವ ಹಣದ ಅರ್ಧವನ್ನು ಮಾತ್ರ ಯಂತ್ರಕ್ಕೆ ಬಳಸಿರಿ. ಉಳಿದ ಅರ್ಧದಿಂದ ಬಾಡಿಗೆ ಬರುವ ಒಂದು ಅಂಗಡಿಯನ್ನೋ ಕೊಠಡಿಯನ್ನೋ ವಿಭಾಗದ ಹೆಸರಿಗೆ ಮಾಡಿರಿ. ಆ ಬಾಡಿಗೆಯಿಂದ ದೀಪ, ವಾರ್ಷಿಕ ನಿರ್ವಹಣೆಯ ಒಪ್ಪಂದ ಮತ್ತು ಯಂತ್ರವನ್ನು ನೋಡಿಕೊಳ್ಳುವ ಒಬ್ಬ ವ್ಯಕ್ತಿಯ ಸಂಬಳ ನಡೆಯಬೇಕು. ಈ ಕಾಲೇಜಿನಿಂದಲೇ ಎಂಎಸ್ಸಿ ಮುಗಿಸಿ ಮನೆಯಲ್ಲಿ ಕುಳಿತಿರುವ ಹೆಣ್ಮಗಳೊಬ್ಬಳಿಗೆ ಆ ಕೆಲಸ ಸಿಕ್ಕಿದರೆ ಒಂದು ಕಲ್ಲಿಗೆ ಎರಡು ಹಣ್ಣು.

ಸರಕಾರ ಏನು ಮಾಡುತ್ತಿದೆ ಎಂಬ ಪ್ರಶ್ನೆಯನ್ನು ನಾವು ಮರೆತಿಲ್ಲ. ಕಾಲೇಜುಗಳ ಪ್ರಯೋಗಾಲಯಗಳಿಗೆ ನೆರವಾಗಲು ಕೇಂದ್ರ ವಿಜ್ಞಾನ ಇಲಾಖೆಯ ಫಿಸ್ಟ್ ಯೋಜನೆ 2000ದಲ್ಲಿ ಆರಂಭವಾಯಿತು, ಜೈವಿಕ ತಂತ್ರಜ್ಞಾನ ಇಲಾಖೆಯ ಸ್ಟಾರ್ ಕಾಲೇಜು ಯೋಜನೆ 2008ರಲ್ಲಿ. ಇವುಗಳಿಗೆ ಅರ್ಜಿ ಹಾಕುವ ಶ್ರಮವನ್ನೇ ತೆಗೆದುಕೊಳ್ಳದ ಆಡಳಿತ ಮಂಡಳಿಗಳಿವೆ. ಅದು ನಮ್ಮ ಕಡೆಯ ಲೋಪ. ಆದರೆ ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧನಾ ವಿದ್ಯಾರ್ಥಿಗಳಿಗಾಗಿ 2009ರಲ್ಲಿ ಆರಂಭವಾಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು 2022-23ರಿಂದ ನಿಲ್ಲಿಸಿದ್ದು ಯಾರ ಲೋಪ? ಇತರ ಯೋಜನೆಗಳೊಂದಿಗೆ ಅದು ಬೆರೆತುಹೋಗುತ್ತದೆ ಎಂದು 2022ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಕಾರಣ ನೀಡಲಾಯಿತು. ಮರುವರ್ಷ ಸಂಶೋಧನೆಗಾಗಿ ಹೊಸ ರಾಷ್ಟ್ರೀಯ ಪ್ರತಿಷ್ಠಾನದ ಕಾಯ್ದೆ ಬಂತು. ಐದು ವರ್ಷಗಳಿಗೆ 50,000 ಕೋಟಿ ಎಂದು ಘೋಷಿಸಿದರು, ಅದರ ಬಹುಪಾಲು ಖಾಸಗಿ ವಲಯದಿಂದ ಬರಬೇಕು ಎಂದೂ ಹೇಳಿದರು. ಖಾಸಗಿ ಹಣ ದೊಡ್ಡ ಸಂಸ್ಥೆಗಳನ್ನು ಬಿಟ್ಟು ನಮ್ಮ ಪಟ್ಟಣದ ಕಾಲೇಜನ್ನು ಹುಡುಕಿಕೊಂಡು ಬರುತ್ತದೆ ಎಂದು ನಂಬುವಷ್ಟು ಮುಗ್ಧರು ಇಲ್ಲಿ ಯಾರೂ ಇಲ್ಲ. ಫೆಲೋಶಿಪ್‌ಗಾಗಿ ಧ್ವನಿಯೆತ್ತುತ್ತಲೇ ಇರೋಣ. ಅಲ್ಲಿಯವರೆಗೆ ಪ್ರಯೋಗಾಲಯಕ್ಕೆ ಬೀಗ ಹಾಕಿಡುವುದು ಬೇಡ.

ಕೊನೆಯದಾಗಿ ಖರೀದಿಯ ಬಗ್ಗೆ ಎರಡು ಮಾತು. ಮೂರು ಕೊಟೇಶನ್ ತರಿಸಿದರೆ ಪಾರದರ್ಶಕತೆ ಬಂತೆಂದು ತಿಳಿಯುತ್ತೇವೆ. ಆದರೆ ಯಂತ್ರ ಹೇಗಿರಬೇಕು ಎಂಬ ಷರತ್ತುಗಳ ಪಟ್ಟಿಯನ್ನು ಮಾರುವವನೇ ಬರೆದುಕೊಟ್ಟಿದ್ದರೆ ಮೂರು ಕೊಟೇಶನ್‌ಗಳೂ ಒಂದೇ ಬಾಗಿಲಿಗೆ ಬರುತ್ತವೆ. ಪಟ್ಟಿಯನ್ನು ವಿಭಾಗದ ಅಧ್ಯಾಪಕಿಯರೇ ಬರೆಯಲಿ. ಪ್ರಾತ್ಯಕ್ಷಿಕೆಗೆ ಮಾರಾಟಗಾರರು ತಂದ ಮಾದರಿಯನ್ನಲ್ಲ, ನಿಮ್ಮ ಬಾವಿಯ ನೀರನ್ನು, ನಿಮ್ಮ ಗೇರೆಣ್ಣೆಯನ್ನು ಅಳೆದು ತೋರಿಸಲು ಹೇಳಿ. ದುರಸ್ತಿಯ ಎಂಜಿನಿಯರ್ ಯಾವ ಊರಿನಲ್ಲಿರುತ್ತಾನೆ, ಕರೆದರೆ ಎಷ್ಟು ದಿನಗಳಲ್ಲಿ ಬರುತ್ತಾನೆ ಎಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಯುವಿಗೆ ಹೋಲ್ಮಿಯಂ ಆಕ್ಸೈಡ್ ಫಿಲ್ಟರ್, ಎಫ್‌ಟಿಐಆರ್‌ಗೆ ಪಾಲಿಸ್ಟೈರೀನ್ ಹಾಳೆ, ಇವು ಯಂತ್ರ ಸುಳ್ಳು ಹೇಳುತ್ತಿಲ್ಲವೆಂದು ಪರಿಶೀಲಿಸುವ ಸಾಕ್ಷಿಗಳು. ಯಂತ್ರದ ಜೊತೆಯಲ್ಲೇ ಅವನ್ನೂ ಕೇಳಿ ಪಡೆಯಿರಿ.

ಎಫ್‌ಟಿಐಆರ್‌ನ ಆಸೆಯನ್ನು ಒಂದೆರಡು ವರ್ಷ ಮುಂದೂಡಿ, ಮೊದಲು ಯುವಿ-ವಿಸಿಬಲ್ ಕೊಳ್ಳುವುದು ನಮ್ಮ ಅಭಿಪ್ರಾಯದಲ್ಲಿ ಸೂಕ್ತ. ಅದು ದಿನವೂ ಬಳಕೆಯಾಗುತ್ತಿದೆಯೇ ಎಂಬುದನ್ನು ಅದರ ಪಕ್ಕದಲ್ಲಿಟ್ಟ ದಾಖಲೆ ಪುಸ್ತಕ ಹೇಳುತ್ತದೆ. ಯಾರು, ಎಷ್ಟು ಗಂಟೆಗೆ, ಯಾವ ಮಾದರಿಯನ್ನು ಅಳೆದರು ಎಂದು ಪ್ರತಿಯೊಬ್ಬರೂ ಬರೆಯಬೇಕು. ಪಕ್ಕದ ಊರಿನ ಸರಕಾರಿ ಕಾಲೇಜಿನ ಮಕ್ಕಳ ಹೆಸರುಗಳೂ ಅದರಲ್ಲಿರಲಿ, ಅವರು ಯಾವ ಸಮುದಾಯದವರೇ ಆಗಿರಲಿ. ಆಡಳಿತ ಮಂಡಳಿಯ ಮುಂದಿನ ಸಭೆಗಳಲ್ಲಿ ದಾನಿಗಳ ಪಟ್ಟಿಯನ್ನು ಓದುವ ಮೊದಲು ಆ ಪುಸ್ತಕವನ್ನು ತರಿಸಿ ನೋಡಬೇಕೆಂದು ಅಧ್ಯಕ್ಷರಲ್ಲಿ ವಿನಂತಿಸುತ್ತೇವೆ. ಎಫ್‌ಟಿಐಆರ್‌ಗೆ ಹಣ ಕೇಳಲು ಯಾವಾಗ ಬರಬೇಕೆಂಬುದು ಅದರಿಂದಲೇ ಗೊತ್ತಾಗುತ್ತದೆ.